ದೊಡ್ಡ ದೇಶ, ಚಿಕ್ಕ ದೇಶ: ಭೂತಾನ್ ನನಗೆ ಕಲಿಸಿದ್ದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ ಮೂರನೆಯ ತಂಡದ ವಿದ್ಯಾರ್ಥಿ. ಆಗ ನಮಗಿದ್ದದ್ದು ಎರಡೇ ಕೊಠಡಿ, ಒಂದೇ ಭೂಪಟ. ಸಮಾಜದ ಮೇಷ್ಟ್ರು ಕೋಲು ಹಿಡಿದು ನೆರೆಯ ದೇಶಗಳನ್ನು ತೋರಿಸುವಾಗ, ಭೂತಾನಿನ ಮೇಲೆ ಕೋಲಿಟ್ಟರೆ ಅದರ ತುದಿಯೇ ಆ ದೇಶವನ್ನು ಮುಚ್ಚಿಬಿಡುತ್ತಿತ್ತು. ಮುಂದೆ ಅದೇ ದೇಶದಲ್ಲಿ ಒಂಬತ್ತು ವರ್ಷ ಗಣಿತ ಕಲಿಸುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮ ಕರ್ನಾಟಕವನ್ನು ಐದು ಪಾಲು ಮಾಡಿದರೆ ಒಂದು ಪಾಲಿನಷ್ಟು ನೆಲ ಭೂತಾನಿನದು. ಜನಸಂಖ್ಯೆ ಎಂಟು ಲಕ್ಷವನ್ನೂ ಮುಟ್ಟುವುದಿಲ್ಲ. ಅಂಥ ದೇಶಕ್ಕೂ ನಮ್ಮಂಥ ದೇಶಕ್ಕೂ ಸ್ನೇಹ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಕಂಡಷ್ಟು ಹೇಳುತ್ತೇನೆ.

1985ರಲ್ಲಿ ಗುವಾಹಟಿಯವರೆಗೆ ರೈಲಿನಲ್ಲಿ ಹೋಗಿ, ಬಸ್ಸಿನಲ್ಲಿ ಗಡಿಯ ಊರು ಸಮದ್ರುಪ್ ಜೋಂಖರ್ ತಲುಪಿ, ಅಲ್ಲಿಂದ ಬೆಟ್ಟ ಹತ್ತಿದೆ. ದಾರಿಯಲ್ಲಿ ದೇವಥಾಂಗ್ ಎಂಬ ಊರು ಸಿಗುತ್ತದೆ. ಬ್ರಿಟಿಷರು ಕಿತ್ತುಕೊಂಡಿದ್ದ ಈ ದೇವನ್‌ಗಿರಿಯ 32 ಚದರ ಮೈಲಿ ನೆಲವನ್ನು ಸ್ವತಂತ್ರ ಭಾರತ 1949ರ ಸ್ನೇಹ ಒಪ್ಪಂದದಲ್ಲಿ ಭೂತಾನಿಗೆ ಹಿಂತಿರುಗಿಸಿತು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು: ವಿದೇಶ ವ್ಯವಹಾರದಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯಬೇಕು. ಆ ಮಾತು ಹೋಗಿ, ಇಬ್ಬರೂ ಪರಸ್ಪರ ಸಹಕರಿಸಬೇಕು ಎಂಬ ಮಾತು ಬಂದದ್ದು 2007ರ ಪರಿಷ್ಕೃತ ಒಪ್ಪಂದದಲ್ಲಿ.

ನಾನು ಹತ್ತಿದ ರಸ್ತೆಯೂ ನಮ್ಮವರು ಕಡಿದದ್ದೇ. 1958ರಲ್ಲಿ ನೆಹರೂ ಅವರು ಮಗಳು ಇಂದಿರಾ ಜೊತೆ ಭೂತಾನಿಗೆ ಹೋದಾಗ ಭಾರತದಿಂದ ನೇರ ಮೋಟಾರು ರಸ್ತೆ ಇರಲಿಲ್ಲ. ನಾಥು ಲಾ ಕಣಿವೆ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ ಪ್ರಾಣಿಗಳ ಬೆನ್ನೇರಿ ಪಾರೋ ಸೇರಿದರು. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯ ‘ದಂತಕ್’ ಯೋಜನೆ ಶುರುವಾಯಿತು. ಗಡಿಯಿಂದ ರಾಜಧಾನಿ ಥಿಂಫುಗೆ ದಿನಗಟ್ಟಲೆ ನಡೆಯುತ್ತಿದ್ದವರು ಒಂದು ಹಗಲಿನಲ್ಲಿ ತಲುಪುವಂತಾಯಿತು. ಭೂತಾನಿನ ಮೊದಲ ಪಂಚವಾರ್ಷಿಕ ಯೋಜನೆಯ ಖರ್ಚನ್ನೂ ಭಾರತವೇ ಹೊತ್ತಿತು. 1971ರಲ್ಲಿ ಭೂತಾನ್ ವಿಶ್ವಸಂಸ್ಥೆಯ ಸದಸ್ಯನಾಗಲು ಭಾರತ ಬೆಂಬಲಕ್ಕೆ ನಿಂತಿತು. ಅಲ್ಲಿನ ನಾಣ್ಯ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ನಮ್ಮ ನೋಟನ್ನು ಅಲ್ಲಿನ ಅಂಗಡಿಯಲ್ಲಿ ಕೊಟ್ಟರೆ ಯಾರೂ ತಿರುಗಿಸಿ ನೋಡುತ್ತಿರಲಿಲ್ಲ.

ಇದನ್ನೆಲ್ಲ ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ. ರಸ್ತೆ ಕೊಟ್ಟೆವು, ಹಣ ಕೊಟ್ಟೆವು, ಮೇಷ್ಟ್ರನ್ನೂ ಕೊಟ್ಟೆವು! ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಮಾತಿನ ಕೊನೆಗೆ ಗೌರವಕ್ಕಾಗಿ ‘ಲಾ’ ಸೇರಿಸುವುದು ಅಲ್ಲಿನ ವಾಡಿಕೆ. “ಸರ್ ಲಾ, ಚುಖಾದಲ್ಲಿ ನಮ್ಮ ನದಿಯಿಂದ ತೆಗೆದ ಕರೆಂಟು ನಿಮ್ಮ ದೇಶಕ್ಕೆ ಹೋಗುತ್ತದಂತೆ. ನಾವಿಲ್ಲಿ ಲಾಟೀನಿನಲ್ಲಿ ಓದುತ್ತೇವೆ. ನಾವು ಕೊಟ್ಟದ್ದನ್ನು ನೀವು ಯಾಕೆ ಹೇಳುವುದಿಲ್ಲ?” ಎಂದ.

ತರಗತಿ ಸ್ತಬ್ಧವಾಯಿತು. ನನ್ನ ಬಳಿ ಉತ್ತರ ಇರಲಿಲ್ಲ. ಮಾರನೆಯ ದಿನ ಅದನ್ನೇ ಗಣಿತದ ಲೆಕ್ಕ ಮಾಡಿ ಕೊಟ್ಟೆ.

ಆ ಲೆಕ್ಕ ಇಂದಿಗೂ ಕುತೂಹಲಕರವಾದದ್ದು. 336 ಮೆಗಾವಾಟ್ ಚುಖಾ ಯೋಜನೆಗೆ ಭಾರತ ನೂರಕ್ಕೆ ಅರವತ್ತು ಪಾಲು ಅನುದಾನ, ನಲವತ್ತು ಪಾಲು ಸಾಲ ಕೊಟ್ಟಿತು. ಹೆಚ್ಚಾದ ಕರೆಂಟನ್ನು ನಾವೇ ಕೊಂಡೆವು. ಆ ಹಣದಿಂದ ಭೂತಾನ್ ಶಾಲೆ, ಆಸ್ಪತ್ರೆ ನಡೆಸಿತು. 1,020 ಮೆಗಾವಾಟ್‌ನ ತಾಲಾ ಯೋಜನೆಗೂ ಇದೇ ಪ್ರಮಾಣ. ಆದರೆ 720 ಮೆಗಾವಾಟ್‌ನ ಮಾಂಗ್ದೆಛು ಹೊತ್ತಿಗೆ ಅನುದಾನ ಮೂವತ್ತು ಪಾಲಿಗೆ ಇಳಿದು ಸಾಲ ಎಪ್ಪತ್ತಕ್ಕೆ ಏರಿತು. ಕೆಲಸ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಇದು ರೈತರಾದ ನಿಮಗೆ ಹೇಳಬೇಕಿಲ್ಲ. ಚಳಿಗಾಲದಲ್ಲಿ ಅಲ್ಲಿನ ನದಿಗಳು ಸೊರಗಿದಾಗ ಭೂತಾನೇ ನಮ್ಮಿಂದ ಕರೆಂಟು ಕೊಳ್ಳುತ್ತದೆ. ಅಕ್ಕಿ, ಡೀಸೆಲ್ ಇಲ್ಲಿಂದ ಹೋಗುತ್ತವೆ. ಕಿತ್ತಳೆ, ಆಲೂಗಡ್ಡೆ, ಏಲಕ್ಕಿ ಅಲ್ಲಿಂದ ಬರುತ್ತವೆ.

ಹಣದ ಲೆಕ್ಕಕ್ಕೆ ಸಿಗದ ಕೊಡುಗೆಯೂ ಒಂದಿದೆ. 2003ರ ಡಿಸೆಂಬರಿನಲ್ಲಿ, ತನ್ನ ಕಾಡಿನಲ್ಲಿ ನೆಲೆ ಮಾಡಿಕೊಂಡಿದ್ದ ಅಸ್ಸಾಂ ಹಾಗೂ ಉತ್ತರ ಬಂಗಾಳದ ಉಗ್ರರ ಶಿಬಿರಗಳನ್ನು ಭೂತಾನ್ ತನ್ನ ಪುಟ್ಟ ಸೈನ್ಯದಿಂದ ತೆರವು ಮಾಡಿಸಿತು. ಚಿಕ್ಕ ದೇಶ ದೊಡ್ಡ ದೇಶಕ್ಕಾಗಿ ತನ್ನ ಮಕ್ಕಳ ಪ್ರಾಣವನ್ನು ಪಣಕ್ಕಿಟ್ಟಿತು.

ಮನಸ್ತಾಪವೂ ಬಂದಿದೆ. 2013ರ ಜುಲೈನಲ್ಲಿ, ಅಲ್ಲಿ ಚುನಾವಣೆ ನಡೆಯುತ್ತಿದ್ದ ಹೊತ್ತಿನಲ್ಲೇ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ರಿಯಾಯಿತಿ ನಿಂತಿತು. ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿ, “ಸರ್ ಲಾ, ನಾವೇನು ತಪ್ಪು ಮಾಡಿದೆವು?” ಎಂದು ಕೇಳಿದಳು. ಸ್ವಲ್ಪ ದಿನದಲ್ಲೇ ರಿಯಾಯಿತಿ ಮರಳಿತು. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿಯಿತು. ದೊಡ್ಡವನಿಗೆ ಕಡತದ ಒಂದು ಸಾಲು ಅನ್ನಿಸಿದ್ದು ಚಿಕ್ಕವನ ಮನೆಯ ಒಲೆಯನ್ನೇ ಆರಿಸಬಹುದು. ಹಾಗೆಯೇ 2021ರ ಜನವರಿಯಲ್ಲಿ ನಮ್ಮ ಕೊರೊನಾ ಲಸಿಕೆಯ ಕೊಡುಗೆ ಮೊದಲು ತಲುಪಿದ ದೇಶಗಳಲ್ಲಿ ಭೂತಾನೂ ಒಂದು. ಅಂದು ಅದೇ ಶಿಷ್ಯೆ ಮತ್ತೆ ಫೋನ್ ಮಾಡಿದ್ದಳು. ಎರಡನ್ನೂ ಅವಳು ನೆನಪಿಟ್ಟಿದ್ದಾಳೆ.

ನಮ್ಮೂರಿನ ಕಾಲುವೆ ನೆನಪಿಸಿಕೊಳ್ಳಿ. ಹತ್ತು ಎಕರೆಯವನೂ ಹತ್ತು ಗುಂಟೆಯವನೂ ಒಂದೇ ತೂಬಿನ ನೀರಿಗೆ ಕಾಯಬೇಕು. ಹತ್ತು ಎಕರೆಯವನು ತನ್ನ ಸರದಿ ಮುಗಿದೊಡನೆ ಮಡೆ ತಿರುಗಿಸಿದರೆ ಊರು ನೆಮ್ಮದಿಯಾಗಿರುತ್ತದೆ. ದೇಶಗಳ ಮಾತೂ ಅಷ್ಟೇ ಎಂದು ನನಗೆ ಅನ್ನಿಸಿದೆ.

ಮಕ್ಕಳೇ, ಭೂತಾನ್ ನೋಡಲು ಅಷ್ಟು ದೂರವೇ ಹೋಗಬೇಕೆಂದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಚಿನ್ನದ ದೇವಾಲಯಕ್ಕೆ, ಅಂದರೆ ನಾಮ್‌ಡ್ರೋಲಿಂಗ್ ವಿಹಾರಕ್ಕೆ, ನೀವು ಪ್ರವಾಸ ಹೋಗುತ್ತೀರಿ. ಟಿಬೆಟ್ಟಿನಿಂದ ಬಂದ ಗುರುಗಳು 1963ರಲ್ಲಿ ಸ್ಥಾಪಿಸಿದ ಆ ವಿಹಾರದಲ್ಲಿ ಭೂತಾನಿನಿಂದ ಬಂದ ಭಿಕ್ಷುಗಳೂ ಓದುತ್ತಾರೆ. ಮುಂದಿನ ಸಲ ಹೋದಾಗ ಫೋಟೊ ಹೊಡೆದುಕೊಂಡು ಬಂದುಬಿಡಬೇಡಿ. ಅವರಲ್ಲಿ ಒಬ್ಬರನ್ನು “ನಿಮ್ಮೂರು ಯಾವುದು?” ಎಂದು ಕೇಳಿ.

ಆ ಹಿಂದಿನ ಬೆಂಚಿನ ಹುಡುಗ ಈಗ ಅದೇ ಸೀಮೆಯಲ್ಲಿ ಮೇಷ್ಟ್ರು. ಅವನ ಶಾಲೆಯಲ್ಲಿ ಈಗ ದೀಪವಿದೆ. ಪ್ರಶ್ನೆ ಕೇಳಿದವನನ್ನು ಗದರಿ ಕೂರಿಸದೆ ಇರುವುದನ್ನು ನನಗೆ ಕಲಿಸಿದ್ದು ಈ ಶಾಲೆಯ ಗುರುಗಳು.