ದೊಡ್ಡ ಮನೆಯ ಮರ್ಯಾದೆ: ಸಿನಿಮಾದಲ್ಲಿ, ನಮ್ಮ ಬೀದಿಯಲ್ಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ಸಿನಿಮಾ ಬಗ್ಗೆ ಮಾತನಾಡುತ್ತೇನೆ ಎಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಮಾತನಾಡಬೇಕಾದ ಕಡೆ ಸಿನಿಮಾ ಯಾಕೆ ಎಂದು ಅನ್ನಿಸಿರಬಹುದು. ಕಾರಣವಿದೆ. ದೊಡ್ಡವರ ಮನೆಯ ಮಗ ತಪ್ಪು ಮಾಡಿದಾಗ ಆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಏನು ನಡೆಯಿತು, ಯಾರು ಯಾರ ಬಾಯಿ ಮುಚ್ಚಿಸಿದರು ಎಂಬುದು ಬೀದಿಯಲ್ಲಿ ನಿಂತ ನಮಗೆ ಕಾಣುವುದಿಲ್ಲ. ಒಳ್ಳೆಯ ಸಿನಿಮಾ ನಮ್ಮನ್ನು ಆ ಬಾಗಿಲಿನ ಒಳಗೆ ಕರೆದುಕೊಂಡು ಹೋಗುತ್ತದೆ.

‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಈ ದೊಡ್ಡಪ್ಪ ಮೊದಲು ಯಾರ ಬಳಿಗೆ ಹೋಗುತ್ತಾನೆ? ಪೊಲೀಸರ ಬಳಿಗೆ, ನ್ಯಾಯಾಧೀಶರ ಬಳಿಗೆ ಎಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅವನು ಮೊದಲು ಹುಡುಕುವುದು ಕಣ್ಣಾರೆ ಕಂಡವರನ್ನು. ಕಂಡವರು ಸುಮ್ಮನಾದರೆ ಮಿಕ್ಕ ಕೆಲಸ ತಾನಾಗಿಯೇ ಆಗುತ್ತದೆ.

ನಮ್ಮ ಶಂಕರ್‌ನಾಗ್ 1985ರಲ್ಲಿ ‘ಆಕ್ಸಿಡೆಂಟ್’ ಎಂಬ ಕನ್ನಡ ಚಿತ್ರ ಮಾಡಿದರು. ಅಧಿಕಾರಸ್ಥ ರಾಜಕಾರಣಿಯೊಬ್ಬನ ಮಗ ರಾತ್ರಿ ಹೊತ್ತು ಅಮಲಿನಲ್ಲಿ ಕಾರು ಓಡಿಸಿ, ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಅಪ್ಪನಾಗಿ ನಟಿಸಿದವರು ಅನಂತನಾಗ್. ಮಗನನ್ನು ಉಳಿಸಲು ಅಪ್ಪ ತನ್ನ ಅಧಿಕಾರವನ್ನೆಲ್ಲ ಬಳಸುತ್ತಾನೆ. ಸತ್ಯ ಹುಡುಕುತ್ತಾ ಹೊರಡುವ ಪತ್ರಕರ್ತನ ಪಾತ್ರ ಶಂಕರ್‌ನಾಗ್ ಅವರದು. ಸತ್ತವರ ಪರವಾಗಿ ಫೋನು ಮಾಡುವವರು ಯಾರೂ ಇಲ್ಲ. ಕೊಂದವನ ಪರವಾಗಿ ಎಲ್ಲ ಕಡೆಯಿಂದಲೂ ಫೋನು ಬರುತ್ತದೆ. ಆ ಚಿತ್ರ ನನಗೆ ತೋರಿಸಿದ್ದು ಇದನ್ನೇ.

ಇಲ್ಲಿ ರಕ್ಷಣೆಗೆ ನಿಂತದ್ದು ಅಪ್ಪನ ಕುರ್ಚಿ. ಇನ್ನೊಂದು ಚಿತ್ರದಲ್ಲಿ ರಕ್ಷಣೆಗೆ ನಿಲ್ಲುವುದು ಇಡೀ ಕುಟುಂಬ. ಅದು 1993ರಲ್ಲಿ ಬಂದ ಹಿಂದಿಯ ‘ದಾಮಿನಿ’. ನಿರ್ದೇಶಕರು ರಾಜ್‌ಕುಮಾರ್ ಸಂತೋಷಿ. ಟಿವಿಯಲ್ಲಿ ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ದಾಮಿನಿ ಸಾಧಾರಣ ಮನೆಯ ಹುಡುಗಿ, ಶ್ರೀಮಂತರ ಮನೆಗೆ ಸೊಸೆಯಾಗಿ ಬರುತ್ತಾಳೆ. ಹೋಳಿ ಹಬ್ಬದ ದಿನ ಮೈದುನ ಮತ್ತು ಅವನ ಸ್ನೇಹಿತರು ಮನೆಕೆಲಸದ ಹುಡುಗಿ ಊರ್ಮಿಯ ಮೇಲೆ ಅತ್ಯಾಚಾರ ಮಾಡುವುದನ್ನು ಕಣ್ಣಾರೆ ನೋಡುತ್ತಾಳೆ. ಮನೆಯವರೆಲ್ಲ ಸೇರಿ ಅದನ್ನು ಮುಚ್ಚಿಹಾಕಲು ನಿಲ್ಲುತ್ತಾರೆ. ಸೊಸೆ ಸುಮ್ಮನಿರಬೇಕು, ಅಷ್ಟೇ. ಅವಳು ಸುಮ್ಮನಿರಲಿಲ್ಲ. ಆಗ ಏನು ಮಾಡಿದರು? ಕೋರ್ಟಿನಲ್ಲಿ ಅವಳಿಗೆ ಹುಚ್ಚು ಎಂದರು. ಅವಳನ್ನು ಹುಚ್ಚಾಸ್ಪತ್ರೆಗೆ ಕಳಿಸಿದರು.

ಇದು ಬರೀ ಸಿನಿಮಾ ಕಥೆಯೇ? ‘ಅವಳ ತಲೆ ಸರಿಯಿಲ್ಲ’, ‘ಅವಳ ನಡತೆ ಸರಿಯಿಲ್ಲ’, ‘ತವರಿನವರು ಹೇಳಿಕೊಟ್ಟಿದ್ದಾರೆ’ ಎಂಬ ಮಾತುಗಳನ್ನು ನಮ್ಮ ಬೀದಿಗಳಲ್ಲಿ ನಾವು ಕೇಳಿಲ್ಲವೇ? ಬಾಯಿಬಿಟ್ಟ ಹೆಂಗಸಿನ ಮೇಲೆ ಮೊದಲು ಬೀಳುವ ಕಲ್ಲು ಇದೇ. ಗಂಡಸರ ತಪ್ಪಿಗೆ ಮನೆಯ ಮರ್ಯಾದೆ ಹೋಗುವುದಿಲ್ಲವಂತೆ. ಆ ತಪ್ಪನ್ನು ಹೆಂಗಸು ಹೇಳಿದರೆ ಮಾತ್ರ ಹೋಗುತ್ತದಂತೆ. ಇದು ಎಂಥ ಮರ್ಯಾದೆ, ಯೋಚಿಸಿ. ಪೊಲೀಸರಿಗೆ, ವಕೀಲರಿಗೆ ದೊಡ್ಡ ಮನೆಯವರು ದುಡ್ಡು ಕೊಡಬೇಕು. ಮನೆಯ ಹೆಂಗಸರ ಮೌನ ಅವರಿಗೆ ಪುಕ್ಕಟೆ ಸಿಗುತ್ತದೆ.

ಈ ಚಿತ್ರವನ್ನು ನಾನು ಮೆಚ್ಚುತ್ತೇನೆ. ಆದರೆ ಒಂದು ತಕರಾರೂ ಇದೆ. ಕೊನೆಗೆ ನ್ಯಾಯ ಸಿಗುತ್ತದೆ, ನಿಜ. ಆದರೆ ಅದನ್ನು ತರುವುದು ಯಾರು? ಶ್ರೀಮಂತರ ಮನೆಯ ಸೊಸೆ ಮತ್ತು ಮುಷ್ಟಿ ಬಿಗಿದು ಗುಡುಗುವ ಒಬ್ಬ ವಕೀಲ. ವಾಯಿದೆಯ ಮೇಲೆ ವಾಯಿದೆ ಬೀಳುವ ಬಗ್ಗೆ ಅವನಾಡುವ ಮಾತಿಗೆ ಜನ ಚಪ್ಪಾಳೆ ತಟ್ಟಿದರು. ಆ ಪಾತ್ರದ ಸನ್ನಿ ಡಿಯೋಲ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಊರ್ಮಿ ಮಾತ್ರ ಬದುಕಿ ಉಳಿಯುವುದಿಲ್ಲ. ಅನ್ಯಾಯವಾದದ್ದು ಅವಳಿಗೆ, ಅವಳ ಬಾಯಿಂದ ನಾವು ಕೇಳಿದ್ದು ಬಹಳ ಕಡಿಮೆ. ದಾಮಿನಿ ಇಲ್ಲದಿದ್ದರೆ ಊರ್ಮಿಯ ಪರ ಯಾರಿದ್ದರು? ಮನೆಗೆಲಸಕ್ಕೆ ಹೋಗುವ ಅಕ್ಕಂದಿರು ಈ ಸಭೆಯಲ್ಲೂ ಇದ್ದೀರಿ. ಈ ಪ್ರಶ್ನೆ ನಿಮ್ಮದು.

ಈಗ ಸಿನಿಮಾದಿಂದ ನಿಜಕ್ಕೆ ಬರೋಣ. 1999ರಲ್ಲಿ ದೆಹಲಿಯಲ್ಲಿ ಜೆಸಿಕಾ ಲಾಲ್ ಎಂಬ ಯುವತಿ ಒಂದು ಪಾರ್ಟಿಯಲ್ಲಿ ಮದ್ಯ ಕೊಡಲು ನಿರಾಕರಿಸಿದಳು. ಅಷ್ಟಕ್ಕೇ ಅವಳಿಗೆ ಗುಂಡು ಹಾರಿಸಲಾಯಿತು. ಆರೋಪಿ ಮನು ಶರ್ಮ ಪ್ರಭಾವಿ ರಾಜಕಾರಣಿಯೊಬ್ಬರ ಮಗ. ಅಲ್ಲಿ ಜನ ಇದ್ದರು. ಆದರೆ ಕೋರ್ಟಿನಲ್ಲಿ ಒಬ್ಬರಾದ ಮೇಲೊಬ್ಬರು ಸಾಕ್ಷಿಗಳು ಪ್ರತಿಕೂಲವಾದರು. 2006ರ ಫೆಬ್ರವರಿಯಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಜೆಸಿಕಾಳ ಅಕ್ಕತಂಗಿಯ ಹೋರಾಟ, ಪತ್ರಿಕೆಗಳು, ಬೀದಿಗಿಳಿದ ಸಾಮಾನ್ಯ ಜನ ಇವೆಲ್ಲ ಸೇರಿ ದೊಡ್ಡ ಕೂಗಾಯಿತು. ಪ್ರಕರಣ ಹೈಕೋರ್ಟಿಗೆ ಹೋಗಿ ಅದೇ ವರ್ಷದ ಡಿಸೆಂಬರಿನಲ್ಲಿ ಮನು ಶರ್ಮನಿಗೆ ಜೀವಾವಧಿ ಶಿಕ್ಷೆಯಾಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರ ಮೇಲೆ 2011ರಲ್ಲಿ ‘ನೋ ಒನ್ ಕಿಲ್ಡ್ ಜೆಸಿಕಾ’ ಎಂಬ ಹಿಂದಿ ಚಿತ್ರ ಬಂತು. ಜೆಸಿಕಾಳನ್ನು ಯಾರೂ ಕೊಲ್ಲಲಿಲ್ಲ ಎಂದು ಆ ಹೆಸರಿನ ಅರ್ಥ. ಕಂಡವರೆಲ್ಲ ಕಾಣಲಿಲ್ಲ ಎಂದರೆ ಸತ್ತವಳನ್ನು ಯಾರೂ ಕೊಂದಂತೆ ಆಗುವುದಿಲ್ಲ ನೋಡಿ.

‘ಸ್ಟವ್ ಸಿಡಿಯಿತು’, ‘ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದಳು’ ಎಂದು ಮುಗಿದುಹೋಗುವ ಸೊಸೆಯಂದಿರ ಸಾವುಗಳೂ ಹೀಗೆಯೇ.

ಇಲ್ಲಿ ಕಾನೂನಿನ ಒಂದು ಮಾತು ಗಮನವಿಟ್ಟು ಕೇಳಿ. ಮದುವೆಯಾದ 7 ವರ್ಷದೊಳಗೆ ಹೆಣ್ಣು ಸುಟ್ಟಗಾಯದಿಂದಲೋ ಅಸಹಜವಾಗಿಯೋ ಸತ್ತರೆ ಅದನ್ನು ವರದಕ್ಷಿಣೆ ಸಾವು ಎಂದು ವಿಚಾರಿಸಲು 1986ರಿಂದ ಕಾನೂನಿದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು. ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಆಗಬಹುದು. ಆದರೆ ಒಂದು ಷರತ್ತಿದೆ. ಸಾವಿಗೆ ಸ್ವಲ್ಪ ಮುಂಚೆ ಅವಳಿಗೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದರು ಎಂಬುದನ್ನು ತೋರಿಸಬೇಕು. ಅದು ಯಾರಿಗೆ ಗೊತ್ತಿರುತ್ತದೆ? ಪಕ್ಕದ ಮನೆಯವಳಿಗೆ, ನಲ್ಲಿಯ ಹತ್ತಿರ ಮಾತಾಡಿದವಳಿಗೆ, ವಾರದ ಸಭೆಯಲ್ಲಿ ಪಕ್ಕದಲ್ಲಿ ಕೂತವಳಿಗೆ. ಅಂದರೆ ನಮಗೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ನಾವು ಕದ ಹಾಕಿಕೊಂಡರೆ ಆ ಕಲಮು ಪುಸ್ತಕದಲ್ಲೇ ಉಳಿಯುತ್ತದೆ.

ಸಾಕ್ಷಿ ಹೇಳುವುದು ಸುಲಭವಲ್ಲ. ಸಾಲ ಕೊಟ್ಟವರೂ ಅವರೇ, ಕೂಲಿ ಕೊಡುವವರೂ ಅವರೇ ಆಗಿರಬಹುದು. ‘ಬಡವನ ಕೋಪ ದವಡೆಗೆ ಮೂಲ’ ಎಂಬ ಹೆದರಿಕೆ ಸುಳ್ಳಲ್ಲ. ಒಬ್ಬಳೇ ದಾಮಿನಿಯಾಗಿ ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಒಬ್ಬಳನ್ನು ಹುಚ್ಚಿ ಎನ್ನಬಹುದು. ಇಪ್ಪತ್ತು ಜನರನ್ನು ಹುಚ್ಚಿಯರು ಎನ್ನಲಾಗದು.

ಆದ್ದರಿಂದ ಮೂರು ಕೆಲಸ ಹೇಳುತ್ತೇನೆ. ಒಂದು, ಸದಸ್ಯೆಯೊಬ್ಬಳು ಹಿಂಸೆಯ ಮಾತು ಹೇಳಿದರೆ, ಅವಳು ಒಪ್ಪಿದರೆ, ತಾರೀಖು ಹಾಕಿ ಬರೆದಿಡಿ. ಅವಳು ಬರೆದ ಪತ್ರವಿದ್ದರೆ ಜೋಪಾನವಾಗಿಡಿ; ಮುಂದೆ ಅದೇ ಸಾಕ್ಷ್ಯವಾಗಬಹುದು. ಎರಡು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅವಳ ಜೊತೆ ನೀವೂ ಹೋಗಿ. ತುರ್ತಿದ್ದರೆ ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112. ಮೂರು, ಸಾಕ್ಷಿಗೆ ಬೆದರಿಕೆ ಬಂದರೆ ರಕ್ಷಣೆ ಕೇಳಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಲು ಅವಕಾಶವಿದೆ.

ಸಂಘದಲ್ಲಿ ಒಬ್ಬಳು ಸಾಲ ಪಡೆದರೆ ಮಿಕ್ಕವರೆಲ್ಲ ಜಾಮೀನು ನಿಲ್ಲುತ್ತೀರಿ. ಆ ನಂಬಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತನ್ನಿ. ಅವಳ ಮಾತಿಗೂ ಜಾಮೀನು ನಿಲ್ಲಿ. ಕೋರ್ಟಿನ ವಾಯಿದೆಯ ದಿನ ಅವಳು ಬಸ್ಸು ಹತ್ತುವಾಗ ನಿಮ್ಮಲ್ಲಿ ಇಬ್ಬರಾದರೂ ಜೊತೆಗೆ ಹತ್ತಿ. ದೊಡ್ಡ ಮನೆಯವರು ಅವಳ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದಾಗ ನಾವು ಅಲ್ಲಿ ಕಾಣಬೇಕು.