ಮುಚ್ಚಿದ ಪೆಟ್ರೋಲ್ ಬಂಕಿನ ಅಡಿಯ ನೀರು: ತನಿಖೆಯ ದಾರಿ

ಪೆಟ್ರೋಲ್ ಬಂಕಿಗೆ ಬೀಗ ಬಿದ್ದ ಮೇಲೂ ನೆಲದೊಳಗೆ ಅದರ ಲೆಕ್ಕ ಚುಕ್ತಾ ಆಗಿರುವುದಿಲ್ಲ. ಹಳೆಯ ಬಂಕುಗಳಲ್ಲಿ ಹೂಳುತ್ತಿದ್ದ ಟ್ಯಾಂಕುಗಳು ಬಹುಮಟ್ಟಿಗೆ ಒಂದೇ ಪದರದ ಉಕ್ಕಿನವು. ಅವು ತುಕ್ಕು ಹಿಡಿಯುತ್ತವೆ, ಪೈಪಿನ ಜೋಡಣೆಗಳು ಸಡಿಲವಾಗುತ್ತವೆ. ಹನಿಹನಿಯಾಗಿ ಸೋರಿದ್ದು ದಾಸ್ತಾನು ಪುಸ್ತಕದಲ್ಲಿ ಆವಿಯಾದ ನಷ್ಟವೆಂದು ಜಮೆಯಾಗಿ ಹೋಗುತ್ತದೆ. ಇಂಥ ಟ್ಯಾಂಕುಗಳ ನಿಯಂತ್ರಣಕ್ಕೆ ಅಮೆರಿಕ 1984ರಲ್ಲಿ ಕಾನೂನು ತಂದಿತು. ಅವನ್ನು ಸುಧಾರಿಸಲು, ಬದಲಿಸಲು ಇಲ್ಲವೇ ಮುಚ್ಚಲು 1998ರ ಡಿಸೆಂಬರ್ ಗಡುವಾಗಿತ್ತು. ಅಲ್ಲಿ ಈವರೆಗೆ ದೃಢಪಟ್ಟ ಸೋರಿಕೆಗಳು 5 ಲಕ್ಷವನ್ನು ಮೀರಿವೆ.

ಈ ಕ್ಷೇತ್ರದ ಕಣ್ಣು ತೆರೆಸಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರದ ಪ್ರಕರಣ. 1995ರಲ್ಲಿ ನಗರದ ಬಾವಿಗಳ ನೀರಿನಲ್ಲಿ ಎಂಟಿಬಿಇ ಪತ್ತೆಯಾಯಿತು. ಎಂಜಿನ್ನಿನ ಹೊಗೆ ತಗ್ಗಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ರಾಸಾಯನಿಕವದು. ಚಾರ್ನಾಕ್ ಪ್ರದೇಶದ ಬಾವಿಗಳಲ್ಲಿ ಅದರ ಪ್ರಮಾಣ ಲೀಟರಿಗೆ 610 ಮೈಕ್ರೊಗ್ರಾಂವರೆಗೆ ಏರಿತು. 20ರಿಂದ 40 ಮೈಕ್ರೊಗ್ರಾಂ ಇದ್ದರೇ ನೀರಿನ ರುಚಿ, ವಾಸನೆ ಕೆಡುತ್ತದೆ. 1996ರಲ್ಲಿ ಬಾವಿಗಳನ್ನು ಮುಚ್ಚಿದಾಗ ನಗರ ತನ್ನ ನೀರಿನ ಹೆಚ್ಚುಕಡಿಮೆ ಅರ್ಧದಷ್ಟನ್ನು ಕಳೆದುಕೊಂಡಿತು. ಅದೇ ನೀರನ್ನು ಶುದ್ಧೀಕರಿಸಿ ಮತ್ತೆ ನಲ್ಲಿಗೆ ಬಿಡುವ ಹೊತ್ತಿಗೆ ಸುಮಾರು ಒಂದೂವರೆ ದಶಕ ಕಳೆದಿತ್ತು.

ಎಂಟಿಬಿಇ ಸೋರಿದ ಜಾಗದಿಂದ ಬಾವಿಗಳವರೆಗೆ ಹೋದದ್ದಕ್ಕೆ ಕಾರಣ ಅದರ ಕರಗುವ ಗುಣ. ಪೆಟ್ರೋಲ್ ನೀರಿಗಿಂತ ಹಗುರ. ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲ್ಮಟ್ಟದಲ್ಲಿ ತೇಲುತ್ತದೆ. ಮಳೆಗಾಲದಲ್ಲಿ ನೀರು ಏರಿ ಬೇಸಿಗೆಯಲ್ಲಿ ಇಳಿದಂತೆ ಅದೂ ಏರಿಳಿದು, ನಡುವಿನ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ನೀರಿಗೆ ವಿಷ ಉಣಿಸುವುದು ಈ ಮೆತ್ತಿದ ಪದರವೇ. ಪೆಟ್ರೋಲಿನಲ್ಲಿರುವ ಬೆಂಜೀನ್ ಶುದ್ಧ ರೂಪದಲ್ಲೂ ಲೀಟರ್ ನೀರಿನಲ್ಲಿ 2 ಗ್ರಾಂನಷ್ಟೂ ಕರಗದು. ಎಂಟಿಬಿಇ 50 ಗ್ರಾಂನಷ್ಟು ಕರಗುತ್ತದೆ. ಬೆಂಜೀನನ್ನು ಮಣ್ಣಿನ ಸೂಕ್ಷ್ಮಜೀವಿಗಳು, ಆಮ್ಲಜನಕ ಸಿಕ್ಕರೆ, ಸಾಕಷ್ಟು ಬೇಗ ತಿಂದು ಮುಗಿಸುತ್ತವೆ. ಎಂಟಿಬಿಇ ಮಣ್ಣಿಗೂ ಅಂಟದೆ, ಜೀವಿಗಳಿಗೂ ಸುಲಭವಾಗಿ ಬಗ್ಗದೆ ನೀರಿನ ಜೊತೆಗೇ ಸಾಗುತ್ತದೆ.

ತನಿಖೆ ಶುರುವಾಗಬೇಕಾದದ್ದು ಕಾಗದದಿಂದ. ಟ್ಯಾಂಕುಗಳಿದ್ದ ಜಾಗ, ದಾಸ್ತಾನಿನ ಲೆಕ್ಕ, ಹಳೆಯ ವೈಮಾನಿಕ ಚಿತ್ರ, ಸುತ್ತಲಿನ ಬಾವಿಗಳ ಪಟ್ಟಿ: ಇವಿಲ್ಲದೆ ಯಂತ್ರ ಇಳಿಸಿದರೆ ದುಡ್ಡು ದಂಡ. ಆಮೇಲೆ ಮಣ್ಣು ಕೊರೆದು, ಆವಿ ಅಳೆಯುವ ಕೈಯುಪಕರಣದಿಂದ ಎಲ್ಲಿ ಹೆಚ್ಚು ಎಂದು ನೋಡಲಾಗುತ್ತದೆ. ಬಳಿಕ ವೀಕ್ಷಣಾ ಬಾವಿಗಳು. ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯಲು, ಒಂದೇ ಸಾಲಿನಲ್ಲಿರದ ಮೂರು ಬಾವಿಗಳಾದರೂ ಬೇಕು. ಬಾವಿಯ ಜಾಲರಿ ನೀರಿನ ಮೇಲ್ಮಟ್ಟವನ್ನು ಹಾದಿರಬೇಕು. ಪೂರ್ತಿ ಮುಳುಗಿದ್ದರೆ ತೇಲುವ ಪೆಟ್ರೋಲ್ ಹೊರಗೇ ಉಳಿದುಬಿಡುತ್ತದೆ.

ಮಾದರಿ ತೆಗೆಯುವ ಕೆಲಸವನ್ನು ಹೊಸಬರ ಕೈಗೆ ಕೊಡುವ ರೂಢಿಯಿದೆ. ಕೆಡುವುದೂ ಹೆಚ್ಚಾಗಿ ಅಲ್ಲೇ. ಬಾವಿಯ ನೀರನ್ನು ನಿಧಾನವಾಗಿ ಪಂಪ್ ಮಾಡಿ, ಅದರ ಉಷ್ಣತೆ, ಆಮ್ಲೀಯತೆ, ವಿದ್ಯುದ್ವಾಹಕತೆ ಸ್ಥಿರವಾದ ಮೇಲೆ 40 ಮಿಲಿಲೀಟರಿನ ಗಾಜಿನ ಸೀಸೆಗೆ ತುಂಬಬೇಕು. ಸೀಸೆಯೊಳಗೆ ಮೊದಲೇ ಒಂದಿಷ್ಟು ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬಾಯಿಮಟ್ಟ ಉಬ್ಬಿ ನಿಲ್ಲುವಂತೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ತಟ್ಟಿ ನೋಡಬೇಕು. ಒಂದು ಗುಳ್ಳೆ ಕಂಡರೂ ಬೆಂಜೀನ್ ಅದರೊಳಕ್ಕೆ ಸರಿದು ಫಲಿತಾಂಶ ತಗ್ಗೀತು. ಸೀಸೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋಗಬೇಕು, 14 ದಿನಗಳೊಳಗೆ ಪರೀಕ್ಷೆಯಾಗಬೇಕು.

ಹೀಗಿದ್ದೂ 'ಪತ್ತೆಯಾಗಿಲ್ಲ' ಎಂಬ ವರದಿಯನ್ನು ಸಂಶಯದಿಂದಲೇ ಓದಬೇಕು. ಬಾವಿ ನೀರು ಹರಿಯುವ ದಾರಿಯಲ್ಲೇ ಇದೆಯೆಂದು ತೋರಿಸದ ಹೊರತು ಆ ಮಾತಿಗೆ ತೂಕವಿಲ್ಲ. ದಾರಿಯಾದರೂ ಸ್ಥಿರವಲ್ಲ. ದೊಡ್ಡ ಪಂಪುಗಳು ನಡೆಯುವಾಗ ನೀರು ಅವುಗಳತ್ತ ವಾಲುತ್ತದೆ, ನಿಂತಾಗ ಬೇರೆಡೆಗೆ ತಿರುಗುತ್ತದೆ. ಚಾರ್ನಾಕ್‌ನಂಥಲ್ಲಿ ಬಾವಿ ನಿಲ್ಲಿಸಿದ ಮೇಲೆ ಬರೆದ ನಕ್ಷೆಯನ್ನೇ ಹಿಡಿದು ಹಳೆಯ ಅಪರಾಧಿಯನ್ನು ಹುಡುಕಿದರೆ ದಿಕ್ಕು ತಪ್ಪುತ್ತದೆ. ಒಂದು ಋತುವಿನ ಅಳತೆಯೂ ಸಾಲದು.

ನಮ್ಮ ನೆಲದಲ್ಲಿ ತನಿಖೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಈ ದಿಕ್ಕಿನ ಪ್ರಶ್ನೆಯಲ್ಲಿಯೇ. ಸಾಂಟಾ ಮೋನಿಕಾದ ಅಡಿಯಲ್ಲಿರುವುದು ಮರಳು, ಜಲ್ಲಿ, ಜೇಡಿಯ ಪದರ. ಕರ್ನಾಟಕದ ಬಹುಭಾಗದಲ್ಲಿ ನೈಸ್, ಗ್ರಾನೈಟ್ ಬಂಡೆ. ಇಲ್ಲಿ ಸವೆದ ಮೇಲ್ಪದರದ ಕೆಳಗೆ ನೀರು ಬಿರುಕುಗಳಲ್ಲಷ್ಟೇ ಓಡುತ್ತದೆ. ಮೂರು ಬಾವಿಗಳ ತ್ರಿಕೋನ ಹೇಳುವ ದಿಕ್ಕು ಒಂದು, ಬಿರುಕು ಒಯ್ಯುವ ದಿಕ್ಕು ಇನ್ನೊಂದು ಆಗಬಹುದು. ಹಾಗಾಗಿ ಒಂದು ಬೋರ್‌ವೆಲ್ ಪಂಪ್ ಮಾಡುತ್ತ ಸುತ್ತಲಿನವುಗಳ ಮಟ್ಟ ಎಷ್ಟು ಕುಸಿಯಿತೆಂದು ಅಳೆಯುವ ಪರೀಕ್ಷೆ ಇಲ್ಲಿ ಐಚ್ಛಿಕವಲ್ಲ. ಇಷ್ಟು ಎಚ್ಚರ ಏಕೆಂದರೆ, ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಶೇ. 1ರಷ್ಟು ಬೆಂಜೀನ್ ಇರುವ 100 ಲೀಟರ್ ಪೆಟ್ರೋಲ್ ಸೋರಿದರೆ, ಅದರಲ್ಲಿನ ಬೆಂಜೀನ್ ಒಂದೇ ಸುಮಾರು 8.7 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತರಬಲ್ಲದು.