ತಾಯಿ ಭಾರತೀಯಳು, ಮಗು?



ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ತಾಯಿ ಬಸವೇಶ್ವರನಗರದವಳು. ತಂದೆ ಕೆಂಗೇರಿ ಕಡೆಯ ಕಾಲೇಜಿಗೆ ಓದಲು ಬಂದ ವಿದೇಶಿ. ಮದುವೆಯಾಗಿಲ್ಲ. ಈ ಮಗು ಭಾರತದ ಪ್ರಜೆಯೇ? ನೆಂಟರಿಷ್ಟರು ಮೊದಲು ಎತ್ತುವುದು ಮದುವೆಯ ಮಾತು. ಪೌರತ್ವ ಕಾಯ್ದೆಯ 3ನೇ ಕಲಮು ಅದನ್ನು ಕೇಳುವುದೇ ಇಲ್ಲ. ಅದಕ್ಕೆ ಬೇಕಾದದ್ದು ತಂದೆಯ ವೀಸಾ.

1955ರ ಈ ಕಾಯ್ದೆ ಮೊದಲು ಉದಾರವಾಗಿತ್ತು. 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದ್ದರೆ ಬಹುಮಟ್ಟಿಗೆ ಸಾಕಿತ್ತು. ಆಮೇಲೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೂ ಒಂದು ಷರತ್ತು ಸೇರಿತು: ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು. ಗಡಿ ನುಸುಳಿ ಬಂದವರಷ್ಟೇ ಅಲ್ಲ, ಸರಿಯಾದ ಕಾಗದಪತ್ರ ಹಿಡಿದು ಬಂದು ವೀಸಾ ಅವಧಿ ಮುಗಿದ ಮೇಲೂ ಉಳಿದವರು ಕೂಡ ಈ ಲೆಕ್ಕಕ್ಕೆ ಸೇರುತ್ತಾರೆ. ಹೆರಿಗೆಯ ದಿನ ತಂದೆಯ ವೀಸಾ ಮುಗಿದಿದ್ದರೆ, ಇದೇ ಬಡಾವಣೆಯಲ್ಲಿ ಆಡಿ ಬೆಳೆದ ಹೆಣ್ಣುಮಗಳ ಕೂಸು ಹುಟ್ಟಿನಿಂದ ಭಾರತೀಯ ಅಲ್ಲ. ಅಪ್ಪನ ತಪ್ಪಿಗೆ ಕೂಸಿಗೆ ದಂಡ. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ತಂದೆಯ ದೇಶ ಕೈಹಿಡಿಯುವುದಿಲ್ಲವೇ? ಮದುವೆ ಅಡ್ಡ ಬರುವುದು ಅಲ್ಲಿಯೇ. ಮದುವೆಯಾಗದ ಅಮೆರಿಕನ್ ತಂದೆಯಾದರೆ ರಕ್ತಸಂಬಂಧ ರುಜುವಾತಾಗಬೇಕು. ಮಗುವಿಗೆ 18 ತುಂಬುವವರೆಗೆ ಸಾಕುತ್ತೇನೆಂದು ಆತ ಬರೆದುಕೊಡಬೇಕು. ಬ್ರಿಟನ್ನಿನಲ್ಲಿ 2006ರ ಜುಲೈವರೆಗೆ ಅಂಥ ತಂದೆಯ ಪೌರತ್ವ ಮಗುವಿಗೆ ತಾನಾಗಿ ಬರುತ್ತಿರಲಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾದರೆ ಮಗುವಿಗೆ ದೇಶವೇ ಇಲ್ಲ.

ಮಗು ಭಾರತೀಯ ಎಂದಾದರೆ ಪಾಸ್‌ಪೋರ್ಟಿನ ದಾರಿ ಈಗ ಹಗುರ. ಅವಿವಾಹಿತ ತಾಯಿ ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಲೇಬೇಕು, ತಂದೆಯ ಹೆಸರು ಹೇಳೆಂದು ಒತ್ತಾಯಿಸಬಾರದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕೆಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರಿನಲ್ಲಿ ನಿಯಮ ಸಡಿಲಿಸಿತು. ಜನನ ನೋಂದಣಿಯನ್ನು ಮಾತ್ರ 21 ದಿನದೊಳಗೆ ಮಾಡಿಸಿಬಿಡಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗಾಗಿ ಜನ್ಮದಿನಾಂಕದ ಪುರಾವೆ ಅದೊಂದೇ. ನಿಮ್ಮ ಮಗನೋ ಮಗಳೋ ಹೊರದೇಶದಲ್ಲಿದ್ದು ಅಲ್ಲಿ ಮಗುವಾದರೆ, ವರ್ಷ ತುಂಬುವುದರೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದೂ ಬರೆದುಕೊಡಬೇಕು.

ವೀಸಾ ಮುಗಿದವನ ಮಗುವಿಗೆ ಉಳಿದಿರುವುದು 5(4)ನೇ ಕಲಮು. ವಿಶೇಷ ಸಂದರ್ಭವೆಂದು ಮನವರಿಕೆಯಾದರೆ ಯಾವುದೇ ಅಪ್ರಾಪ್ತ ಮಗುವನ್ನು ಕೇಂದ್ರ ಸರ್ಕಾರ ಪ್ರಜೆಯಾಗಿ ನೋಂದಾಯಿಸಿಕೊಳ್ಳಬಹುದು. ಆದರೆ ಅದು ಸರ್ಕಾರದ ಮರ್ಜಿ. ಭಾರತೀಯ ತಾಯಿಯ ಮಗುವಿಗೆ ಅದು ಹಕ್ಕಾಗಬೇಕೆಂದು ನಮ್ಮ ಸಂಸದರನ್ನು ಕೇಳೋಣ. ಅಲ್ಲಿಯವರೆಗೆ, ಇಂಥ ತಾಯಿ ನಿಮ್ಮ ಬೀದಿಯಲ್ಲಿದ್ದರೆ ಈ ಕಲಮಿನ ವಿಷಯ ಆಕೆಗೆ ತಿಳಿಸಿ, ಅರ್ಜಿ ಬರೆಯಲು ಜೊತೆಗೆ ಕೂತುಕೊಳ್ಳಿ.